ಆಶ್ರಮ ಶಾಲೆ ಮುಗಿಸಿದ ಹಾಡಿ ಮಕ್ಕಳು ಮುಂದೆ ಎಲ್ಲಿಗೆ ಹೋಗುತ್ತಾರೆ?

ಹುಣಸೂರು ಮೇಷ್ಟ್ರು

ನಾಗರಹೊಳೆ ಕಾಡಿನ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಸುತ್ತಮುತ್ತ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳಿವೆ, ಅಂದರೆ ಆದಿವಾಸಿಗಳ ಪುಟ್ಟ ಊರುಗಳು. ಆದಿವಾಸಿ ಮಕ್ಕಳ ಹಕ್ಕು ಅಂದ ಕೂಡಲೇ ನಾವೆಲ್ಲ ಪೌಷ್ಟಿಕ ಆಹಾರ, ಸ್ಕಾಲರ್‌ಶಿಪ್, ಹಾಸ್ಟೆಲ್ ಅಂತ ಮಾತಾಡುತ್ತೇವೆ. ಅವೆಲ್ಲ ಬೇಕು. ಆದರೆ ನನ್ನ ಕಣ್ಣಿಗೆ ಕಾಣುವ ದೊಡ್ಡ ತೂತು ಬೇರೆ ಕಡೆ ಇದೆ.

ಆಶ್ರಮ ಶಾಲೆ ಅಂದರೆ ಆದಿವಾಸಿ ಮಕ್ಕಳ ಸರ್ಕಾರಿ ವಸತಿ ಶಾಲೆ. ಕೆಲವು ಐದನೇ ತರಗತಿಗೆ ಮುಗಿಯುತ್ತವೆ, ಕೆಲವು ಏಳಕ್ಕೋ ಎಂಟಕ್ಕೋ. ಮಗು ವರ್ಷಗಟ್ಟಲೆ ಅಲ್ಲೇ ಉಂಡು, ಅಲ್ಲೇ ಮಲಗಿ ಓದಿರುತ್ತದೆ. ಒಂದು ದಿನ ಪರೀಕ್ಷೆ ಮುಗಿಯಿತು, ಮನೆಗೆ ಹೋಗು ಅನ್ನುತ್ತಾರೆ. ಮುಂದಿನ ಶಾಲೆ ಯಾವುದು, ಅರ್ಜಿ ಯಾರು ತುಂಬಬೇಕು, ಟಿಸಿ ಯಾರು ತರಬೇಕು, ಹಾಸ್ಟೆಲ್ ಸೀಟಿಗೆ ಯಾವಾಗ ಕೇಳಬೇಕು, ಇದ್ಯಾವುದೂ ಹಾಡಿಯ ಅಪ್ಪ ಅಮ್ಮನಿಗೆ ಗೊತ್ತಿರುವುದಿಲ್ಲ. ಯಾರೂ ಹೇಳಿರುವುದೂ ಇಲ್ಲ. ಏಪ್ರಿಲ್, ಮೇ ಕಳೆಯುತ್ತದೆ. ಜೂನ್‌ನಲ್ಲಿ ಹಳೆಯ ಶಾಲೆಯ ಲೆಕ್ಕಕ್ಕೆ ಆ ಹುಡುಗ ಪಾಸಾಗಿ ಹೋದವನು. ನಮ್ಮ ಶಾಲೆಯ ಲೆಕ್ಕಕ್ಕೆ ಇನ್ನೂ ಬಂದೇ ಇಲ್ಲದವನು. ಎರಡೂ ಕಡೆ ರಿಜಿಸ್ಟರ್ ಸರಿಯಾಗಿಯೇ ಇರುತ್ತದೆ. ಹುಡುಗ ಯಾವುದೋ ಶುಂಠಿ ಹೊಲದಲ್ಲಿ ಇರುತ್ತಾನೆ.

ವಿದ್ಯಾರ್ಥಿಗಳ ದಾಖಲೆ ಇರುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಹುಡುಕಿದರೆ ಹೆಸರು ಸಿಗುತ್ತದೆ, ನಿಜ. ಆ ಹೆಸರು ಹಿಡಿದುಕೊಂಡು ಹಾಡಿಗೆ ಹೋಗುವವರು ಯಾರು? ಆಶ್ರಮ ಶಾಲೆ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯದು. ನಮ್ಮದು ಶಿಕ್ಷಣ ಇಲಾಖೆ. ಇಬ್ಬರ ಕೆಲಸವೂ ತಮ್ಮ ತಮ್ಮ ಗೇಟಿನ ಹತ್ತಿರ ಮುಗಿಯುತ್ತದೆ.

ನಿಮ್ಮ ಕಡೆ ಹೇಗಿದೆ? ಯಾರಾದರೂ ಇದಕ್ಕೆ ದಾರಿ ಕಂಡುಕೊಂಡಿದ್ದೀರಾ?

ನೇರ ಮಾತು

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಊಟ ಉಚಿತ, ಬಟ್ಟೆ ಉಚಿತ, ಪುಸ್ತಕ ಉಚಿತ, ಇರೋದಕ್ಕೆ ಜಾಗವೂ ಉಚಿತ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ಜನ್‌ಮನ್ ಅಂತ 24,104 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ದೇಶದ 75 ಅತಿ ಹಿಂದುಳಿದ ಬುಡಕಟ್ಟುಗಳಿಗೆ ಅಂತಲೇ ಅದು. ನಮ್ಮ ರಾಜ್ಯದ ಜೇನುಕುರುಬರು, ಕೊರಗರು ಇಬ್ಬರೂ ಅದರಲ್ಲಿದ್ದಾರೆ. ಇಷ್ಟಾದ ಮೇಲೂ ಮಕ್ಕಳು ಶಾಲೆಗೆ ಬರಲ್ಲ ಅಂದರೆ ಹೆತ್ತವರ ಜವಾಬ್ದಾರಿ ಏನೂ ಇಲ್ವಾ? ನಮ್ಮಪ್ಪನೂ ಕೂಲಿ ಮಾಡಿಯೇ ನನ್ನನ್ನು ಓದಿಸಿದ್ದು.

ಕಾಡುಜೇನು

ಅಣ್ಣಾ, ನಿಮ್ಮಪ್ಪ ಕೂಲಿಗೆ ಹೋದರೆ ಸಂಜೆ ಮನೆಗೆ ಬರುತ್ತಿದ್ದರು ಅಲ್ವಾ?

ನಾನು ಜೇನುಕುರುಬ. ಹಾಡಿಯಲ್ಲೇ ಹುಟ್ಟಿದವನು, ಆಶ್ರಮ ಶಾಲೆಯಲ್ಲೇ ಓದಿದವನು, ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಕೂಲಿ ಅಂದರೆ ಹೀಗೆ. ಕಾಫಿ ಹಣ್ಣಾಗುವ ಹೊತ್ತಿಗೆ ಮೇಸ್ತ್ರಿ ಜೀಪು ತರುತ್ತಾನೆ. ಅದಕ್ಕೂ ಮೊದಲೇ ಮಳೆಗಾಲದಲ್ಲಿ ಕೈಗೆ ಒಂದಿಷ್ಟು ಮುಂಗಡ ಕೊಟ್ಟಿರುತ್ತಾನೆ. ಅಕ್ಕಿ ಇಲ್ಲದಾಗ ತಗೊಂಡ ದುಡ್ಡು ಅದು, ತೀರಿಸಲೇಬೇಕು. ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ತೋಟದ ಲೈನ್ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ಕಾಫಿ ಮುಗಿದರೆ ಕರಿಮೆಣಸು. ಅದಾದ ಮೇಲೆ ಶುಂಠಿ. ಹಾಡಿಯಲ್ಲಿ ಉಳಿಯುವವರು ಅಜ್ಜಿಯರು. ಅಜ್ಜಿಯೂ ಇಲ್ಲದ ಮನೆಯ ಮಗು ತೋಟಕ್ಕೆ ಹೋಗದೆ ಇನ್ನೆಲ್ಲಿ ಹೋಗಬೇಕು ಹೇಳಿ.

ಈ ವಲಸೆ ನಮಗೆ ಹಳೆಯ ಕಾಲದಿಂದ ಬಂದದ್ದಲ್ಲ. ನಮ್ಮ ಅಜ್ಜಂದಿರಿಗೆ ಕಾಡು ಇತ್ತು. ಜೇನು ಇತ್ತು, ಗೆಡ್ಡೆ ಗೆಣಸು ಇತ್ತು, ಒಂದಿಷ್ಟು ರಾಗಿ ಬೆಳೆಯುತ್ತಿದ್ದರು. ಕಬಿನಿ ಅಣೆಕಟ್ಟು, ಆಮೇಲೆ ರಾಷ್ಟ್ರೀಯ ಉದ್ಯಾನ ಅಂತ ಒಂದೊಂದೇ ಹಾಡಿ ಎಬ್ಬಿಸಿದರು. ಹೈಕೋರ್ಟ್ ಆದೇಶದಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ ಬಂದು ನೋಡಿತು. 2014ರಲ್ಲಿ ವರದಿ ಕೊಟ್ಟಿತು. 3,418 ಕುಟುಂಬಗಳಿಗೆ ಪುನರ್ವಸತಿ ಸಿಗಬೇಕು ಅಂತ ಅದರಲ್ಲಿದೆ. ವರದಿ ಬಂದಾಗ ಹುಟ್ಟಿದ ಮಗು ಈಗ ಪ್ರೌಢಶಾಲೆಗೆ ಹೋಗುವ ವಯಸ್ಸಿಗೆ ಬಂದಿದೆ. ಭೂಮಿ ಇನ್ನೂ ಬಂದಿಲ್ಲ. ನಮ್ಮ ಅಪ್ಪ ಅಮ್ಮನಿಗೆ ಎರಡು ಎಕರೆ ಇದ್ದಿದ್ದರೆ ಡಿಸೆಂಬರ್‌ನಲ್ಲಿ ಅವರು ಹಾಡಿಯಲ್ಲೇ ಇರುತ್ತಿದ್ದರು, ನಾವು ಶಾಲೆಯಲ್ಲಿ ಇರುತ್ತಿದ್ದೆವು. ಮಕ್ಕಳ ಹಕ್ಕು ಬೇರೆ, ಕಾಡಿನ ಹಕ್ಕು ಬೇರೆ ಅಂತ ಮಾತಾಡುವವರಿಗೆ ಇದು ಅರ್ಥ ಆಗುವುದಿಲ್ಲ.

ಇನ್ನು ಮಕ್ಕಳು ಶಾಲೆಗೆ ಬರಲ್ಲ ಅನ್ನುವ ಮಾತು. ನಾನು ಓದಿದ ಶಾಲೆಯಲ್ಲಿ ಒಬ್ಬರೂ ನಮ್ಮನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. 'ಏ ಕಾಡಿನವನೇ' ಅಷ್ಟೇ. ನನ್ನ ಜೊತೆಗೆ ಓದುತ್ತಿದ್ದ ಇಬ್ಬರು ರಾತ್ರಿ ಎದ್ದು ಕಾಡುದಾರಿ ಹಿಡಿದು ಹಾಡಿಗೆ ನಡೆದುಬಿಟ್ಟರು. ಆನೆ ಓಡಾಡುವ ದಾರಿ ಅದು. ಆ ಶಾಲೆಗಿಂತ ಆನೆ ವಾಸಿ ಅನ್ನಿಸಿತ್ತು ಅವರಿಗೆ.

ವಿರಾಜಪೇಟೆ ತೋಟದವರು

ನಮ್ಮದೂ ಸಣ್ಣ ತೋಟ ಇದೆ. ತೋಟದವರೆಲ್ಲ ಮಕ್ಕಳನ್ನು ದುಡಿಸುತ್ತಾರೆ ಅನ್ನುವ ಹಾಗೆ ಮಾತು ಹೋಗಬಾರದು ಅಂತ ಬರೆಯುತ್ತಿದ್ದೇನೆ. ಮಕ್ಕಳನ್ನು ಕರೆತನ್ನಿ ಅಂತ ನಾವು ಹೇಳುವುದಿಲ್ಲ. ಬೇಡ ಅಂದರೂ ಕರೆದುಕೊಂಡು ಬರುತ್ತಾರೆ. ಬಂದ ಮೇಲೆ ಲೈನಲ್ಲಿ ಇರಿಸಿಕೊಳ್ಳದೆ ಏನು ಮಾಡುವುದು? ಹತ್ತಿರದ ಅಂಗನವಾಡಿಗೆ ಕಳಿಸಿ ಅಂದರೆ ಅಲ್ಲಿ ಅವರ ಹೆಸರಿಲ್ಲ ಅನ್ನುತ್ತಾರೆ. ಶಾಲೆಗೆ ಕಳಿಸಿದರೆ ಟಿಸಿ ಕೇಳುತ್ತಾರೆ.

ಕಾಡುಜೇನು

ಸರ್, ನೀವು ಒಳ್ಳೆಯ ಮಾಲೀಕರೇ ಇರಬಹುದು. ಆದರೆ ಹಣ್ಣು ಕೊಯ್ದದ್ದಕ್ಕೆ ಕೂಲಿ ಹೇಗೆ ಕೊಡುತ್ತೀರಿ? ಕೆಜಿ ಲೆಕ್ಕ ತಾನೇ? ದಿನಗೂಲಿ ಆದರೆ ಮಗುವಿನ ಕೈಗೆ ಬೆಲೆ ಇಲ್ಲ. ಕೆಜಿ ಲೆಕ್ಕ ಆದರೆ ಹತ್ತು ವರ್ಷದ ಹುಡುಗಿ ಕೆಳಗಿನ ರೆಂಬೆಯಲ್ಲಿ ಕೊಯ್ದ ಹಣ್ಣೂ ಅವ್ವನ ಚೀಲಕ್ಕೇ ಬೀಳುತ್ತದೆ. ಹಾಜರಿ ಪುಸ್ತಕದಲ್ಲಿ ಅವ್ವನ ಹೆಸರು ಮಾತ್ರ. ನೀವು ಕರೆಯಬೇಕಾಗಿಯೇ ಇಲ್ಲ, ತಕ್ಕಡಿಯೇ ಕರೆಯುತ್ತದೆ.

ವಿರಾಜಪೇಟೆ ತೋಟದವರು

ಕೆಜಿ ಲೆಕ್ಕ ಬೇಕು ಅನ್ನುವವರು ಕೆಲಸದವರೇ. ಜಾಸ್ತಿ ಸಿಗುತ್ತದೆ ಅಂತ.

ಕರಿಕೋಟು

ಇಬ್ಬರೂ ಹೇಳುತ್ತಿರುವುದು ನಿಜ. ನಾನು ವಕೀಲ, ಅದಕ್ಕೆ ಕಾನೂನಿನ ಮಾತು ಸ್ವಲ್ಪ ಹೇಳುತ್ತೇನೆ. 2016ರ ತಿದ್ದುಪಡಿ ಆದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮನೆಯದೇ ಕೆಲಸಕ್ಕೆ ಒಂದು ಸಣ್ಣ ವಿನಾಯಿತಿ ಇದೆ, ಅದೂ ಶಾಲೆ ಮುಗಿದ ಮೇಲೆ, ರಜೆಯಲ್ಲಿ. ಬೇರೆಯವರ ತೋಟ ಆ ವಿನಾಯಿತಿಗೆ ಬರುವುದಿಲ್ಲ. 14ರಿಂದ 18ರವರಿಗೆ ಮಾತ್ರ ಅಪಾಯದ ಕೆಲಸಗಳಿಗಷ್ಟೇ ನಿಷೇಧ. ಶಿಕ್ಷಣ ಹಕ್ಕಿನ ಕಾಯ್ದೆ 14ಕ್ಕೆ ನಿಲ್ಲುತ್ತದೆ, ದುಡಿಮೆಯ ಬಾಗಿಲು ಅದೇ 14ಕ್ಕೆ ತೆರೆಯುತ್ತದೆ. ಮೇಷ್ಟ್ರು ಹೇಳಿದ ಮಕ್ಕಳು ಸರಿಯಾಗಿ ಅದೇ ವಯಸ್ಸಿನವರು.

ತೋಟದಲ್ಲಿ ಕೂಸಿನ ಮನೆ ಇರಬೇಕು, ಕೆಲಸದವರ ಮಕ್ಕಳು ಒಂದು ಸಂಖ್ಯೆ ದಾಟಿದರೆ ಓದಿಗೆ ವ್ಯವಸ್ಥೆ ಇರಬೇಕು ಅನ್ನುವುದು 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆಯ ಕಾಲದಿಂದಲೂ ಇರುವ ಮಾತು. ಕೂಸಿನ ಮನೆಗೆ 50 ಹೆಂಗಸರ ಲೆಕ್ಕ, ಶಾಲೆಗೆ 25 ಮಕ್ಕಳ ಲೆಕ್ಕ ಇಟ್ಟಿದ್ದರು. ಸಣ್ಣ ತೋಟಗಳು ಆ ಲೆಕ್ಕದೊಳಗೆ ಬರುವುದೇ ಇಲ್ಲ. ನಮ್ಮ ಕಡೆಯ ಸೀಸನ್ ಕೂಲಿಯವರು ಜಾಸ್ತಿ ಇರುವುದು ಅಂಥ ತೋಟಗಳಲ್ಲೇ.

ತೋಟದವರು ಕೇಳಿದ ಟಿಸಿ ಪ್ರಶ್ನೆಗೆ ನೇರ ಉತ್ತರ: ಟಿಸಿ ಇಲ್ಲ ಅಂತ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಶಿಕ್ಷಣ ಹಕ್ಕಿನ ಕಾಯ್ದೆಯ 5ನೇ ಸೆಕ್ಷನ್ ನೋಡಿ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ, ಅದು 14ನೇ ಸೆಕ್ಷನ್.

ಡಲ್ಲಾಸ್ ಕನ್ನಡಿಗ

ಓದಿ ಮನಸ್ಸಿಗೆ ತುಂಬಾ ಕಷ್ಟ ಆಯಿತು. ನಮ್ಮ ಕನ್ನಡ ಕೂಟದಿಂದ ಸ್ಕೂಲ್ ಬ್ಯಾಗ್, ಸ್ವೆಟರ್ ಕಳಿಸಬಹುದು. ಯಾರಾದರೂ ಒಂದು ಹಾಡಿಯ ಮಕ್ಕಳ ಫೋಟೊ, ಹೆಸರು, ಅವರ ಕಥೆ ಚಿಕ್ಕದಾಗಿ ಬರೆದು ಕಳಿಸಿದರೆ ಇಲ್ಲಿ ಎಲ್ಲರಿಗೂ ತೋರಿಸಿ ದುಡ್ಡು ಕೂಡಿಸುತ್ತೇನೆ.

ನಿರ್ವಾಹಕರು

ದಯವಿಟ್ಟು ಇಲ್ಲಿ ಯಾರೂ ಮಕ್ಕಳ ಫೋಟೊ, ಹೆಸರು, ಹಾಡಿಯ ಗುರುತು ಹಾಕಬೇಡಿ. ತೊಂದರೆಯಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಒಳ್ಳೆಯ ಉದ್ದೇಶಕ್ಕೆ ಅಂದರೂ ಬೇಡ.

ಪೋಡಿನವಳು

ಡಲ್ಲಾಸ್ ಅಣ್ಣಾ, ಬ್ಯಾಗು ನಮ್ಮ ಮಕ್ಕಳ ಹತ್ತಿರ ಬೇಕಾದಷ್ಟಿದೆ. ಪ್ರತಿ ವರ್ಷ ಯಾರಾದರೊಬ್ಬರು ತಂದು ಹಂಚಿ ಫೋಟೊ ತಗೊಂಡು ಹೋಗುತ್ತಾರೆ. ಸ್ವೆಟರ್ ಮಾತ್ರ ಬೇಕು. ಯಾಕೆ ಅಂತ ಹೇಳುತ್ತೇನೆ.

ನಾನು ಸೋಲಿಗರವಳು. ಚಾಮರಾಜನಗರ ಕಡೆ ಆರೋಗ್ಯದ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಕುಡುಗೋಲು ಕಣ ರಕ್ತಹೀನತೆ ಇದೆ, ಸಿಕಲ್ ಸೆಲ್ ಅಂತಾರಲ್ಲ, ಅದು. ರಕ್ತದ ಕೆಂಪು ಕಣ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಚಳಿ ಬಿದ್ದರೆ, ನೀರು ಕಡಿಮೆ ಕುಡಿದರೆ, ಜ್ವರ ಬಂದರೆ ಕೈಕಾಲು, ಬೆನ್ನು ವಿಪರೀತ ನೋವು. ಹೊರಗೆ ಗಾಯ ಕಾಣುವುದಿಲ್ಲ. ಹಾಸ್ಟೆಲ್‌ನಲ್ಲಿ ಮುಂಜಾನೆ ತಣ್ಣೀರು ಸ್ನಾನ ಮಾಡಿಸಿ ಸಾಲಾಗಿ ನಿಲ್ಲಿಸುತ್ತಾರೆ. ಆ ಮಗು ಕಾಲು ನೋವು ಅಂತ ಮಲಗುತ್ತದೆ. ಸೋಮಾರಿ, ನಾಟಕ ಅಂತ ಬೈಸಿಕೊಳ್ಳುತ್ತದೆ. ಎರಡು ಸಲ ಹೀಗಾದರೆ ಮೂರನೇ ಸಲ ಪೋಡಿಗೆ (ನಮ್ಮ ಹಾಡಿಗೆ) ಬಂದ ಮಗು ವಾಪಸ್ ಹೋಗುವುದಿಲ್ಲ. ರಿಜಿಸ್ಟರಲ್ಲಿ ಶಾಲೆ ಬಿಟ್ಟವಳು ಅಂತ ಬರೆಯುತ್ತಾರೆ. ಕಾಯಿಲೆ ಅಂತ ಯಾರೂ ಬರೆಯುವುದಿಲ್ಲ.

2023ರ ಜುಲೈ 1ರಂದು ದೇಶದ ಮಟ್ಟದಲ್ಲಿ ಸಿಕಲ್ ಸೆಲ್ ಮಿಷನ್ ಶುರುವಾಯಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ ಎಲ್ಲರ ತಪಾಸಣೆ ಮಾಡಿ ಕಾರ್ಡ್ ಕೊಡಬೇಕು ಅಂತ ಇದೆ. ಕಾರ್ಡ್ ಕೊಡುವುದರಿಂದ ನೋವು ಹೋಗುವುದಿಲ್ಲ. ಕಾರ್ಡಿನಲ್ಲಿ ಇರುವುದು ವಾರ್ಡನ್‌ಗೆ ಗೊತ್ತಾಗಬೇಕು. ಯಾವ ಮಗುವಿಗೆ ಬಿಸಿನೀರು ಕೊಡಬೇಕು, ಯಾವ ಮಗುವಿನ ಮಾತ್ರೆ ತಪ್ಪಿಸಬಾರದು, ನೋವು ಬಂದರೆ ಎಲ್ಲಿಗೆ ಕರೆದೊಯ್ಯಬೇಕು ಅಂತ ಒಂದು ಹಾಳೆ ಗೋಡೆಗೆ ಅಲ್ಲ, ವಾರ್ಡನ್ ಕೈಯಲ್ಲಿ ಇರಬೇಕು. ಗೋಡೆಗೆ ಅಂಟಿಸಿದರೆ ಎಲ್ಲ ಮಕ್ಕಳೂ ಆಡಿಕೊಳ್ಳುತ್ತಾರೆ.

ನಮ್ಮ ಕಡೆ ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಇದೆ. ಶಾಲೆ ಮನೆಯ ಹತ್ತಿರವೇ ಇದ್ದದ್ದರಿಂದ ನಮ್ಮಲ್ಲಿ ಒಂದು ತಲೆಮಾರು ಓದಿತು. ನರ್ಸ್ ಆದವರಿದ್ದಾರೆ, ಪಿಎಚ್‌ಡಿ ಮಾಡಿದವರಿದ್ದಾರೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ನಮಗೆ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು. ಕಾಡುಜೇನು ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಜೇನು, ಪಾಚಿ, ನೆಲ್ಲಿಕಾಯಿಯಿಂದ ನಾಲ್ಕು ಕಾಸು ಬಂದರೆ ಅಪ್ಪ ಅಮ್ಮ ಪೋಡಿನಲ್ಲಿ ಇರುತ್ತಾರೆ.

ಡಲ್ಲಾಸ್ ಕನ್ನಡಿಗ

ಅಕ್ಕಾ, ಅರ್ಥ ಆಯಿತು. ಫೋಟೊ ಬೇಡ. ಬಿಸಿನೀರಿಗೆ ಸೋಲಾರ್ ಹೀಟರ್ ಹಾಕಿಸಲು ಯಾರ ಅನುಮತಿ ಬೇಕು?

ಪೋಡಿನವಳು

ಸರ್ಕಾರಿ ಆಶ್ರಮ ಶಾಲೆ ಆದರೆ ಜಿಲ್ಲೆಯ ಬುಡಕಟ್ಟು ಅಭಿವೃದ್ಧಿ ಕಚೇರಿಯಲ್ಲಿ (ಐಟಿಡಿಪಿ) ಕೇಳಬೇಕು. ಒಂದು ಮಾತು, ಹಾಕಿಸುವುದು ಸುಲಭ. ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ಕೆಟ್ಟು ನಿಂತ ಹೀಟರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮಾನಂದವಾಡಿ ಕನ್ನಡ

ನಾನು ಗಡಿಯ ಆಚೆ, ವಯನಾಡಿನಲ್ಲಿ ಇರುವ ಕನ್ನಡದವನು. ಅಲ್ಲಿನ ಯರವರ, ಪಣಿಯರ, ಜೇನುಕುರುಬರ ನೆಂಟರೇ ಇಲ್ಲೂ ಇದ್ದಾರೆ. ಗಡಿ ಗೆರೆ ಎಳೆದದ್ದು ನಾವು. ಇಲ್ಲಿ ಎರಡು ಕೆಲಸ ಮಾಡಿದ್ದಾರೆ, ಮೇಷ್ಟ್ರ ಪ್ರಶ್ನೆಗೆ ಹತ್ತಿರದ್ದು. ಒಂದು, ಗೋತ್ರ ಸಾರಥಿ ಅಂತ ಶುರುವಾದದ್ದು. ಹಾಡಿಯಿಂದ ಶಾಲೆಗೆ ಮಕ್ಕಳನ್ನು ಜೀಪಿನಲ್ಲಿ ಕರೆತರುವುದು. ಆನೆ ಕಾಟ ಇರುವ ಕಡೆ ಇದು ದೊಡ್ಡ ವಿಷಯ. ಬಿಲ್ ಪಾವತಿ ತಡವಾಗಿ ಜೀಪು ನಿಲ್ಲುವುದೂ ಇದೆ, ಸುಮ್ನೆ ಹೊಗಳುವುದಿಲ್ಲ.

ಇನ್ನೊಂದು ಗೋತ್ರ ಬಂಧು. 2017ರಲ್ಲಿ ಶುರುವಾಯಿತು. ಆಯಾ ಸಮುದಾಯದಲ್ಲೇ ಟೀಚರ್ ತರಬೇತಿ ಮುಗಿಸಿದ ಹುಡುಗ ಹುಡುಗಿಯರನ್ನು ಪ್ರಾಥಮಿಕ ಶಾಲೆಗಳಿಗೆ ಮೆಂಟರ್ ಟೀಚರ್ ಅಂತ ಹಾಕಿದರು. ಒಂದನೇ ತರಗತಿಯ ಮಗು ಬಾಯಿ ಬಿಡದಿದ್ದರೆ ಅವರು ಮಗುವಿನ ಮಾತಿನಲ್ಲೇ ಕೇಳುತ್ತಾರೆ. ಮಗು ಎರಡು ದಿನ ಬರದಿದ್ದರೆ ಮನೆ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ನಿಮ್ಮಲ್ಲಿ ಯಾಕೆ ಮಾಡಬಾರದು?

ನೇರ ಮಾತು

ಅವರವರ ಭಾಷೆಯಲ್ಲಿ ಪಾಠ ಮಾಡಿದರೆ ಮುಂದೆ ಕೆಲಸ ಸಿಗುತ್ತದಾ? ನಮ್ಮ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿ ಅವರ ಮಕ್ಕಳಿಗೆ ಜೇನುನುಡಿ ಕಲಿಸಿ ಅನ್ನುವುದು ಯಾವ ನ್ಯಾಯ? ಈ ಪ್ರಶ್ನೆಗಾದರೂ ಯಾರಾದರೂ ಉತ್ತರ ಕೊಡಿ.

ಹುಣಸೂರು ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಹತ್ತನೇ ತರಗತಿವರೆಗೂ ಜೇನುನುಡಿಯಲ್ಲೇ ಓದಿಸಿ ಅಂತ ಹಾಡಿಯವರು ಯಾರೂ ಕೇಳುತ್ತಿಲ್ಲ. ಇಂಗ್ಲಿಷ್ ಬೇಕು ಅಂತಲೇ ಅವರೂ ಹೇಳುತ್ತಾರೆ. ಮಾತು ಬರುವುದು ಒಂದನೇ, ಎರಡನೇ ತರಗತಿಯ ಬಗ್ಗೆ. ಜೇನುನುಡಿ ಕನ್ನಡಕ್ಕೆ ಹತ್ತಿರ, ಹೇಗೋ ಆರು ತಿಂಗಳಲ್ಲಿ ಹಿಡಿತಕ್ಕೆ ಬರುತ್ತದೆ. ಯರವ ಮಗುವಿಗೆ ನಮ್ಮ ಪಠ್ಯದ ಕನ್ನಡ ಪೂರ್ತಿ ಹೊಸದು. ಟೀಚರ್ ಕೇಳಿದ್ದು ಅರ್ಥವಾಗದೆ ಸುಮ್ಮನೆ ಕೂರುತ್ತದೆ. ದಡ್ಡ ಅಂತ ಹೆಸರು ಬೀಳುತ್ತದೆ. ಎಂಟನೇ ತರಗತಿಗೆ ನನ್ನ ಹತ್ತಿರ ಬರುವಾಗಲೂ ಆ ಹೆಸರು ಜೊತೆಗೇ ಬರುತ್ತದೆ. ಒಡಿಶಾದಲ್ಲಿ 2006ರ ಸುಮಾರಿನಿಂದ ಬುಡಕಟ್ಟು ಭಾಷೆಗಳಲ್ಲಿ ಮೊದಲ ತರಗತಿಗಳ ಪಾಠ ಶುರು ಮಾಡಿ ನಿಧಾನವಾಗಿ ಒಡಿಯಾಗೆ ದಾಟಿಸುತ್ತಾರೆ. ಶಿಕ್ಷಣ ಹಕ್ಕಿನ ಕಾಯ್ದೆಯ 29ನೇ ಸೆಕ್ಷನ್ನಿನಲ್ಲೂ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕು ಅಂತಲೇ ಇದೆ.

ಆದಿವಾಸಿ ಮಕ್ಕಳಿಗೆ ಅಂತ ಇರುವ ಕೇಂದ್ರದ ಏಕಲವ್ಯ ವಸತಿ ಶಾಲೆಗಳಲ್ಲಿ ಇದರ ಉಲ್ಟಾ ನಡೆಯುತ್ತಿದೆ. 2023ರಿಂದ ಟೀಚರ್‌ಗಳ ನೇಮಕ ದೆಹಲಿಯಿಂದ, ಪರೀಕ್ಷೆಯಲ್ಲಿ ಹಿಂದಿಯೂ ಇತ್ತು. ಹಿಂದಿ ನಾಡಿನ ಟೀಚರ್ ಬಂದು ನಮ್ಮ ಹಾಡಿ ಮಗುವಿಗೆ ಗಣಿತ ಹೇಳಬೇಕು. ಆ ಟೀಚರ್ ಪಾಡೂ ಕಷ್ಟವೇ.

ಕಡಲ ತಡಿ

ಉಡುಪಿ ಕಡೆಯವನು, ಕೊರಗ. ಮೇಲೆ ಕೆಲಸದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಅಜಲು ಪದ್ಧತಿ ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಕಾಲದಿಂದ ಡಿಗ್ರಿ, ಎಂಎ ಮಾಡುವ ಕಾಲಕ್ಕೆ ಬಂದಿದ್ದೇವೆ. ಆದರೆ ಡಿಗ್ರಿ ಮಾಡಿದ ಅಣ್ಣ ಮನೆಯಲ್ಲಿ ಬುಟ್ಟಿ ಹೆಣೆಯುತ್ತಾ ಕೂತಿದ್ದರೆ, ಎಂಟನೇ ತರಗತಿಯ ತಮ್ಮ ಅದನ್ನು ನೋಡಿ ಏನು ಲೆಕ್ಕ ಹಾಕುತ್ತಾನೆ? ಓದಿದರೂ ಇಷ್ಟೇ ಅಂತ.

2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರು 42 ಲಕ್ಷ ದಾಟಿದ್ದರು. ಅದರಲ್ಲಿ ಜೇನುಕುರುಬರು ಸುಮಾರು 36 ಸಾವಿರ, ಸೋಲಿಗರು 34 ಸಾವಿರದ ಹತ್ತಿರ. ನಾವು ಅದರ ಅರ್ಧವೂ ಇಲ್ಲ. 2022ರಲ್ಲಿ ಎಸ್‌ಟಿ ಮೀಸಲಾತಿ ಶೇ 3ರಿಂದ 7ಕ್ಕೆ ಏರಿತು. ಆ ಏಳರಲ್ಲಿ ನಮ್ಮ ಕೈಗೆ ಏನು ಬರುತ್ತದೆ? ನೇರ ನೇಮಕಾತಿ ಕೊಡಿ, ಕಾಡಿನ ಸಮುದಾಯಗಳಿಗೆ ಒಳಗೆ ಬೇರೆ ಪಾಲು ಕೊಡಿ ಅಂತ ಕೇಳುತ್ತಿರುವುದು ಅದಕ್ಕೇ. ಮಾನಂದವಾಡಿಯವರು ಹೇಳಿದ ಮೆಂಟರ್ ಟೀಚರ್ ಕೆಲಸ ನಮ್ಮಲ್ಲಿ ತಂದರೆ ಎರಡೂ ಕಡೆ ಉಪಯೋಗ. ಓದಿದವರಿಗೆ ಕೆಲಸ, ಓದುವವರಿಗೆ ತಮ್ಮವರು.

ಪೋಡಿನವಳು

ಯುವಕರ ಮಾತು ಬಂತು, ಹಾಗಾಗಿ ಯಾರೂ ಬಾಯಿ ಬಿಡದ ವಿಷಯ ಹೇಳಿಬಿಡುತ್ತೇನೆ. ಶಾಲೆ ಬಿಟ್ಟ ಹುಡುಗ ಹುಡುಗಿ ಹದಿನಾರು ಹದಿನೇಳಕ್ಕೆ ಇಷ್ಟಪಟ್ಟು ಓಡಿಹೋಗುತ್ತಾರೆ. ನಾಲ್ಕು ದಿನ ಬಿಟ್ಟು ಬಂದರೆ ಹಿರಿಯರು ದಂಡ ಹಾಕಿ ಒಪ್ಪಿಕೊಳ್ಳುತ್ತಾರೆ. ನಮ್ಮಲ್ಲಿ ಹಿಂದಿನಿಂದಲೂ ಇರುವುದೇ. ಈಗ ಆ ಹುಡುಗಿ ಬಸುರಿಯಾಗಿ ಆಸ್ಪತ್ರೆಗೆ ಬಂದರೆ ಪೋಕ್ಸೊ ಕೇಸು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದು. ಹುಡುಗ ಜೈಲಿಗೆ. ಹುಡುಗಿ ಬಾಲಮಂದಿರಕ್ಕೆ. ಈ ಭಯಕ್ಕೆ ಹುಡುಗಿಯರು ಆಸ್ಪತ್ರೆಗೇ ಬರುವುದಿಲ್ಲ. ರಕ್ತ ಇಲ್ಲದ ಮೈಯಲ್ಲಿ ಪೋಡಿನಲ್ಲೇ ಹೆರುತ್ತಾರೆ. ನಾನು ವರದಿ ಮಾಡದಿದ್ದರೆ ನನ್ನ ಮೇಲೇ ಕೇಸು. ಕರಿಕೋಟು ಸರ್, ಇದಕ್ಕೆ ಏನು ಹೇಳುತ್ತೀರಿ?

ಕರಿಕೋಟು

ಸುಲಭದ ಉತ್ತರ ಇಲ್ಲ ಮೇಡಂ. ಪೋಕ್ಸೊ 2012ರ ಕಾಯ್ದೆ, 18 ತುಂಬದವರ ಒಪ್ಪಿಗೆಗೆ ಬೆಲೆ ಇಲ್ಲ. ಗೊತ್ತಾದವರು ತಿಳಿಸಲೇಬೇಕು, 19ನೇ ಸೆಕ್ಷನ್. ಬಾಲ್ಯವಿವಾಹ ಕರ್ನಾಟಕದಲ್ಲಿ ಮೊದಲಿನಿಂದಲೇ ಅಸಿಂಧು, 2016ರ ರಾಜ್ಯದ ತಿದ್ದುಪಡಿ. 2017ರಲ್ಲಿ ಸುಪ್ರೀಂ ಕೋರ್ಟ್ ಹೆಂಡತಿಯಾದರೂ 18ರೊಳಗೆ ಅದು ಅತ್ಯಾಚಾರವೇ ಅಂದಿತು. ಈ ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ತೋಟದ ಲೈನಿನಲ್ಲಿ, ದಾರಿಯಲ್ಲಿ, ಹಾಸ್ಟೆಲಿನಲ್ಲಿ ಹಾಡಿ ಹುಡುಗಿಯರ ಮೇಲೆ ಹೊರಗಿನವರು ಕೈ ಹಾಕಿದ ಕೇಸುಗಳಿವೆ. ಅಲ್ಲಿ ಇದೇ ಕಾನೂನು ಬೇಕು. ಕಷ್ಟ ಏನೆಂದರೆ ಅಂಥ ಕೇಸುಗಳಲ್ಲಿ ರಾಜಿ ಆಗಿಬಿಡುತ್ತದೆ, ಓಡಿಹೋದ ಜೋಡಿಯ ಕೇಸಿನಲ್ಲಿ ಹುಡುಗನಿಗೆ ಜಾಮೀನು ಕೊಡಿಸುವವರೂ ಇರುವುದಿಲ್ಲ.

ಇನ್ನೊಂದು ವಿಷಯ ಇದೆ, ಮೇಷ್ಟ್ರು ಗಮನಿಸಬೇಕು. ವಯಸ್ಸು ತೀರ್ಮಾನಿಸಲು ಕೋರ್ಟ್ ಮೊದಲು ನೋಡುವುದು ಶಾಲೆಯ ದಾಖಲೆ, ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್. ಹಾಡಿ ಮಕ್ಕಳ ಹುಟ್ಟಿದ ದಿನ ಎಷ್ಟು ಜನರದ್ದು ಜೂನ್ 1 ಅಂತ ಇದೆ ನೋಡಿ. ಶಾಲೆಗೆ ಸೇರಿಸುವ ದಿನ ಯಾರೋ ಅಂದಾಜಿಗೆ ಬರೆದದ್ದು. ಹತ್ತು ವರ್ಷ ಆದ ಮೇಲೆ ಅದೇ ಅಂದಾಜು ಒಬ್ಬ ಹುಡುಗನನ್ನು ಆರೋಪಿ ಮಾಡುತ್ತದೆ, ಇಲ್ಲ ಬಿಡಿಸುತ್ತದೆ. ಜನನ ನೋಂದಣಿ ಸರಿಯಾಗಿ ಮಾಡಿಸುವುದು ಸಣ್ಣ ಕೆಲಸ ಅಂತ ಯಾರೂ ಅಂದುಕೊಳ್ಳಬೇಡಿ.

ಸದ್ಯಕ್ಕೆ ಮೇಡಂ, ನೀವು ಮಾಡಬಹುದಾದದ್ದು: ಮೊದಲು ಚಿಕಿತ್ಸೆ. ಕೇಸು ಆಗುವವರೆಗೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿದಾಗ ಬಾಲಮಂದಿರಕ್ಕೇ ಕಳಿಸಬೇಕು ಅಂತ ಇಲ್ಲ. ಮನೆಯವರ ಜೊತೆ ಇರಲು ಸಮಿತಿ ಅವಕಾಶ ಕೊಡಬಹುದು. ಅದನ್ನು ಕೇಳುವವರು ಬೇಕು ಅಷ್ಟೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹುಡುಗನಿಗೂ ಉಚಿತ ವಕೀಲರು ಸಿಗುತ್ತಾರೆ. ಮಕ್ಕಳಿಗೆ ಏನೇ ತೊಂದರೆ ಆದರೂ ಸಹಾಯವಾಣಿ 1098 ಇದ್ದೇ ಇದೆ.

ಕಾಡುಜೇನು

1098 ಇದೆ ಸರ್, ನಮ್ಮ ಹಾಡಿಯಲ್ಲಿ ನೆಟ್‌ವರ್ಕ್ ಇಲ್ಲ.

ವಿರಾಜಪೇಟೆ ತೋಟದವರು

ಮೇಲೆ ಕೆಜಿ ಲೆಕ್ಕದ ಮಾತಿಗೆ ನಾನಿನ್ನೂ ಒಪ್ಪಿಲ್ಲ. ಆದರೆ ಲೈನಿನಲ್ಲಿ ಇರುವ ಮಕ್ಕಳ ಹೆಸರು, ಯಾವ ಶಾಲೆ, ಯಾವ ತರಗತಿ ಅಂತ ಬರೆದಿಟ್ಟು ಇಲ್ಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ ಕೊಡುವುದು ಕಷ್ಟವಲ್ಲ. ಮೂರು ತಿಂಗಳು ಇಲ್ಲಿನ ಶಾಲೆಯಲ್ಲಿ ಕೂತರೆ ಅಲ್ಲಿ ಹಾಜರಿ ಸಿಗುವಂತೆ ಮಾಡಿ. ಕೂಲಿಗೆ ಬರುವವರು ಬರುತ್ತಲೇ ಇರುತ್ತಾರೆ.

ಹುಣಸೂರು ಮೇಷ್ಟ್ರು

ಅದು ನಿಜವಾಗಿಯೂ ಉಪಯೋಗದ ಮಾತು. ಋತುಮಾನದ ಹಾಸ್ಟೆಲ್ ಅಂತ ಸಮಗ್ರ ಶಿಕ್ಷಣದಲ್ಲಿ ಅವಕಾಶ ಇದೆ. ತೋಟ ಇರುವ ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಮತ್ತು ಹಾಡಿ ಇರುವ ತಾಲ್ಲೂಕಿನ ಬಿಇಒ ನವೆಂಬರ್‌ನಲ್ಲೇ ಪಟ್ಟಿ ಬದಲಾಯಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಆದರೆ ಡಿಸೆಂಬರ್‌ದು ಒಂದು ಸಮಸ್ಯೆ, ಏಪ್ರಿಲ್‌ದು ಇನ್ನೊಂದು. ನನ್ನ ಮೊದಲ ಪ್ರಶ್ನೆ ಏಪ್ರಿಲ್‌ದು. ಅದಕ್ಕೆ ವಾಪಸ್ ಬರುತ್ತೇನೆ.

ನನಗೆ ತೋಚುವುದು ಇಷ್ಟು. ಫಲಿತಾಂಶ ಹೇಳುವ ದಿನವೇ ದಾಖಲಾತಿ ಆಗಬೇಕು. ಆ ದಿನ ಅಪ್ಪ ಅಮ್ಮ ಮಗುವನ್ನು ಕರೆದುಕೊಂಡು ಹೋಗಲು ಆಶ್ರಮ ಶಾಲೆಗೆ ಹೇಗೂ ಬರುತ್ತಾರೆ. ವರ್ಷದಲ್ಲಿ ಅವರೆಲ್ಲ ಒಟ್ಟಿಗೆ ಸಿಗುವ ದಿನ ಅದೊಂದೇ. ಹತ್ತಿರದ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಅರ್ಜಿ ಹಿಡಿದು ಅಲ್ಲಿಗೇ ಹೋಗಬೇಕು. ಹಾಸ್ಟೆಲ್ ವಾರ್ಡನ್ನೂ ಅಲ್ಲಿಗೇ ಬರಬೇಕು. ಟಿಸಿ ಅಪ್ಪನ ಕೈಗೆ ಕೊಡುವುದು ಬೇಡ, ಶಾಲೆಯಿಂದ ಶಾಲೆಗೆ ಕೈ ಬದಲಾಗಲಿ. ಗುಡಿಸಲಿನಲ್ಲಿ ಇಟ್ಟ ಟಿಸಿ ಮಳೆಗೆ ನೆಂದು ಹೋದದ್ದು ನೋಡಿದ್ದೇನೆ. ಜಾತಿ ಪ್ರಮಾಣಪತ್ರ ಇಲ್ಲದವರ ಪಟ್ಟಿ ಅಂದೇ ನಾಡಕಚೇರಿಗೆ ಹೋಗಬೇಕು.

ಆ ಪ್ರಮಾಣಪತ್ರದ ಗೋಳು ಬೇರೆ. ಬೆಟ್ಟಕುರುಬ ಅಂತ ದಾಖಲಾತಿಯಲ್ಲಿ ಬರೆಸಿದ ಮಕ್ಕಳಿಗೆ, ಎಸ್‌ಟಿ ಪಟ್ಟಿಯಲ್ಲಿ ಕಾಡುಕುರುಬ ಅಂತ ಮಾತ್ರ ಇದೆ ಅಂತ ಎಷ್ಟೋ ವರ್ಷ ಕಾಗದ ಕೊಡಲಿಲ್ಲ. 2022ರ ಕೊನೆಯಲ್ಲಿ ಸಂಸತ್ತು ಮಸೂದೆ ಪಾಸು ಮಾಡಿದ ಮೇಲೆ ಅದು ಸರಿಹೋಯಿತು. ಹಳೆಯ ದಾಖಲಾತಿ ಪುಸ್ತಕಗಳು ಇನ್ನೂ ಹಾಗೇ ಇವೆ.

ಕರಿಕೋಟು

ಇದಕ್ಕೆ ಹೊಸ ಕಾನೂನು, ಹೊಸ ದುಡ್ಡು ಯಾವುದೂ ಬೇಡ. ಜಿಲ್ಲಾಧಿಕಾರಿಯ ಒಂದು ಸುತ್ತೋಲೆ ಸಾಕು. ಜಿಲ್ಲೆಯಲ್ಲಿ ಎರಡೂ ಇಲಾಖೆಗೆ ಹೇಳಬಲ್ಲವರು ಅವರು. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಈ ಬೇಡಿಕೆ ನಡಾವಳಿಗೆ ಬರೆಸಿ, ಅದರ ಪ್ರತಿ ಜೊತೆಗಿಟ್ಟು ಅರ್ಜಿ ಕೊಡಿ. ಬರಿಯ ಮನವಿ ಪತ್ರವನ್ನು ಯಾರೂ ಓದುವುದಿಲ್ಲ. ಹಾಡಿಯ ಒಳಗೇ ಶಾಲೆ, ಅಂಗನವಾಡಿ ಕಟ್ಟಲು ಅರಣ್ಯ ಇಲಾಖೆ ಬಿಡುವುದಿಲ್ಲ ಅನ್ನುವ ಕಡೆ ಅರಣ್ಯ ಹಕ್ಕು ಕಾಯ್ದೆಯ 3(2) ತೋರಿಸಿ. ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ ಶಾಲೆಗೆ, ಅಂಗನವಾಡಿಗೆ ಕೊಡಲು ಅದರಲ್ಲೇ ಅವಕಾಶ ಇದೆ.

ನೇರ ಮಾತು

ಸುತ್ತೋಲೆ ಬಂದರೂ ಆ ದಿನ ಆಶ್ರಮ ಶಾಲೆಯಲ್ಲಿ ಯಾರಿರುತ್ತಾರೆ? ನಮ್ಮ ಕಡೆ ಎಲ್ಲ ಅತಿಥಿ ಶಿಕ್ಷಕರು. ಮಾರ್ಚ್‌ಗೆ ಅವರ ಅವಧಿ ಮುಗಿಯುತ್ತದೆ.

ಹುಣಸೂರು ಮೇಷ್ಟ್ರು

ಇದನ್ನು ನಾನು ಯೋಚಿಸಿರಲಿಲ್ಲ ಅನ್ನುವಂತಿಲ್ಲ, ಉತ್ತರ ಮಾತ್ರ ಇಲ್ಲ. ಅಡುಗೆಯವರು ಇರುತ್ತಾರೆ. ಮಕ್ಕಳೆಲ್ಲರ ಮನೆ ಗೊತ್ತಿರುವುದೂ ಅವರಿಗೇ.

ಕಾಡುಜೇನು

ಮೇಷ್ಟ್ರೇ, ಸುತ್ತೋಲೆ ಬರುವವರೆಗೆ ಕಾಯುವುದು ಬೇಡ. ನಮ್ಮ ಕಡೆ ಡಿಗ್ರಿ ಓದುತ್ತಿರುವ ಹುಡುಗರು ಬೇಸಿಗೆ ರಜೆಗೆ ಹಾಡಿಗೆ ಬರುತ್ತಾರೆ. ಈ ಸಲ ಪಾಸಾಗುವ ಮಕ್ಕಳ ಪಟ್ಟಿ ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಯಾವ ಮಗು ಯಾವ ಹಾಡಿ, ಅಪ್ಪ ಅಮ್ಮ ಯಾವ ತೋಟದಲ್ಲಿ ಅಂತ ಹುಡುಕುವುದು ನಮ್ಮ ಕೆಲಸ. ಅರ್ಜಿ ಫಾರಂ, ಹಾಸ್ಟೆಲ್ ಸೀಟು ನಿಮ್ಮ ಕೆಲಸ. ವಿರಾಜಪೇಟೆ ಸರ್, ಲೈನಿಗೆ ನಮ್ಮ ಹುಡುಗರು ಬಂದರೆ ಗೇಟಲ್ಲಿ ತಡೆಯಬೇಡಿ ಅಂತ ವಾಚ್‌ಮನ್‌ಗೆ ಹೇಳಿಡಿ.

ವಿರಾಜಪೇಟೆ ತೋಟದವರು

ನಮ್ಮ ಗೇಟಿಗೆ ತೊಂದರೆ ಇಲ್ಲ. ಪಕ್ಕದ ತೋಟಗಳ ಬಗ್ಗೆ ಮಾತು ಕೊಡಲಾರೆ. ಬರುವ ಮೊದಲು ಫೋನ್ ಮಾಡಿ, ನಾನೇ ಜೊತೆಗೆ ಬರುತ್ತೇನೆ.